ಹಾಲೇಶಪ್ಪನವರ ಕಾರಿನಲ್ಲಿ ಬಗ್ಗಿ ಕೂತಿದ್ದು

ರಾಜಕೀಯದ ವಿಷಯದಲ್ಲಿ ನಾನು ಜಗಳಗಂಟಿ. ಹೆಮ್ಮೆಯಿಂದೇನೂ ಹೇಳುತ್ತಿಲ್ಲ, ಊರಿಗೆಲ್ಲ ಗೊತ್ತಿರುವುದನ್ನು ಮುಚ್ಚಿಟ್ಟು ಏನು ಮಾಡಲಿ? ಮದುವೆಮನೆಯ ಊಟದ ಸಾಲಿನಲ್ಲಿ ಪಕ್ಕದವರು "ಈ ಸಲ ಯಾರು ಗೆಲ್ತಾರೆ?" ಎಂದು ಕೇಳಿದರೆ ಸಾಕು, ಹೋಳಿಗೆಯ ಮೇಲಿನ ತುಪ್ಪ ಆರಿದರೂ ನನ್ನ ಭಾಷಣ ಮುಗಿದಿರುವುದಿಲ್ಲ. ನಮ್ಮ ಯಜಮಾನರು ಈಚೆಗೆ ನನ್ನಿಂದ ದೂರದ ಎಲೆ ಹುಡುಕಿಕೊಂಡು ಕೂರುತ್ತಾರೆ. ನ್ಯಾಮತಿಯಲ್ಲಿ ನನ್ನ ವಾದಗಳಿಗೆಲ್ಲ ಗುರಿ ಒಬ್ಬರೇ, ಊರಿನ ಮುಖಂಡ ಹಾಲೇಶಪ್ಪನವರು. ಅವರ ಪಕ್ಷ ಬಲಕ್ಕೆ ಹೊರಳಿದರೆ ನಾನು ಎಡಕ್ಕೆ ಹೊರಳುವವಳು. ಅವರು ಕೈ ಮುಗಿದರೂ ನನಗೆ ಅದರಲ್ಲೊಂದು ಸಿದ್ಧಾಂತ ಕಾಣುತ್ತಿತ್ತು.

ಹೀಗಿರುವಾಗ ಹೊನ್ನಾಳಿಗೆ ಹೋಗುವ ಬೆಳಗಿನ ಬಸ್ಸು ನಿಂತುಹೋಯಿತು. ನಾನು ಹೊನ್ನಾಳಿಯ ಹೈಸ್ಕೂಲೊಂದರಲ್ಲಿ ಕನ್ನಡ ಮೇಡಂ. ನಾನೇನೋ ಯಜಮಾನರ ಸ್ಕೂಟರ್ ಹತ್ತಿ ಹೋಗಿ ಶಾಲೆ ಮುಟ್ಟುತ್ತಿದ್ದೆ. ದಾರಿಯ ಹಳ್ಳಿಗಳಿಂದ ಬರುತ್ತಿದ್ದ ಹುಡುಗಿಯರ ಬೆಂಚುಗಳು ಖಾಲಿಯಾಗತೊಡಗಿದವು. ಹತ್ತನೇ ತರಗತಿಯ ರೇಖಾಳ ತಾಯಿ ಫೋನಿನಲ್ಲಿ, "ಲಗೇಜ್ ಆಟೋದಾಗೆ ಕಳ್ಸಾಕೆ ನಮಗೆ ಧೈರ್ಯ ಇಲ್ಲ ಮೇಡಂ. ಓದಿದ್ದು ಸಾಕು, ಮನೇಲಿರ್ಲಿ" ಎಂದುಬಿಟ್ಟರು. ಆ ಕ್ಷಣವೇ ನನ್ನ ಮೆಚ್ಚಿನ ಪಕ್ಷದವರಿಗೆ ಫೋನು ಮಾಡಿದೆ. "ಇದರ ವಿರುದ್ಧ ದೊಡ್ಡ ಹೋರಾಟ ಮಾಡೋಣ" ಎಂದು ಹೇಳಿ ಇಟ್ಟರು. ಆಮೇಲೆ ಅವರ ಸುದ್ದಿಯಿಲ್ಲ.

"ಹಾಲೇಶಪ್ಪನವರ ಹತ್ರ ಹೋಗು" ಎಂದರು ಯಜಮಾನರು, ಮೀಸೆಯೊಳಗೇ ನಗುತ್ತ.

ಹೋದೆ. ಹಾಲೇಶಪ್ಪನವರು ಜಗಲಿಯಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದರು. "ಬರ್ರಿ ಮೇಡಂ, ಬೈಯಾಕೆ ಮನೆಗೇ ಬಂದ್ರಾ?" ಎಂದು ಕುರ್ಚಿ ಎಳೆದರು. ವಿಷಯ ಹೇಳಿದೆ. ಅಷ್ಟಕ್ಕೇ ನಿಲ್ಲಿಸಬಾರದಿತ್ತೇ? ಇದು ಹೆಣ್ಣುಮಕ್ಕಳ ಹಕ್ಕಿನ ಪ್ರಶ್ನೆ ಎಂದೆ. ಅವರು ತಟ್ಟೆ ಕೆಳಗಿಟ್ಟು, ಇದು ಹೆಣ್ಣುಮಕ್ಕಳ ಮಾನದ ಪ್ರಶ್ನೆ ಎಂದರು. ಮಾನ ಎನ್ನುವುದೇ ತಪ್ಪು ಎಂದೆ. ಹಕ್ಕು ಹಕ್ಕು ಅಂತಲೇ ದೇಶ ಕೆಟ್ಟಿದ್ದು ಎಂದರು. ಇಬ್ಬರ ದನಿಯೂ ಏರಿತು. ಆಗ ಅವರ ಹೆಂಡತಿ ಗೌರಮ್ಮನವರು ಒಳಗಿಂದ ಬಂದರು. "ಹಕ್ಕೋ ಮಾನವೋ, ಆಮೇಲೆ ತೀರ್ಮಾನ ಮಾಡ್ರಿ. ಬಸ್ಸು ಎಷ್ಟೊತ್ತಿಗೆ ಬರ್ಬೇಕು, ಅದನ್ನ ಮೊದ್ಲು ಕೇಳ್ರಿ!"

ನಾವಿಬ್ಬರೂ ಒಟ್ಟಿಗೇ ತೆಪ್ಪಗಾದೆವು. ನಮ್ಮ ಮೊದಲ ಒಮ್ಮತ ಅದೇ.

ಮರುದಿನ ಅವರ ಕಾರಿನಲ್ಲೇ ಬಸ್ಸಿನ ಅಧಿಕಾರಿಯನ್ನು ಕಾಣಲು ಹೊರಟೆವು. ಯಾರಾದರೂ ನೋಡಿಬಿಟ್ಟರೆ ಎಂದು ನಾನು ಹಿಂದಿನ ಸೀಟಿನಲ್ಲಿ ಸೆರಗನ್ನು ಕಿವಿಯವರೆಗೆ ಎಳೆದುಕೊಂಡಿದ್ದೆ. ಅಷ್ಟರಲ್ಲಿ ಮುಂದೆ ಡ್ರೈವರ್ ಪಕ್ಕ ಕೂತಿದ್ದ ಅವರೇ ತಿರುಗಿ, "ಮೇಡಂ, ತಪ್ಪು ತಿಳೀಬ್ಯಾಡ್ರಿ, ನಮ್ಮ ಪಕ್ಷದ ಆಫೀಸು ಬರ್ತೈತೆ. ಸ್ವಲ್ಪ ಬಗ್ಗಿ ಕೂತ್ಕಳ್ರಿ. ನಮ್ಮ ಹುಡುಗ್ರು ನೋಡಿದ್ರೆ ನನ್ನ ಕಥೆ ಮುಗೀತು" ಎಂದರು. ನನಗೆ ರೇಗಿತು. ನಾನು ಇವರ ಜೊತೆ ಕಾಣಿಸಿಕೊಳ್ಳಲು ನಾಚಬಹುದು. ಇವರು ನನ್ನ ಜೊತೆ ನಾಚುವುದೆಂದರೇನು? ಆದರೂ ಬಗ್ಗಿದೆ. ಮುಂದಿನ ತಿರುವಿನಲ್ಲಿ ನಮ್ಮವರು ಸೇರುವ ಹೋಟೆಲು ಬಂದಾಗ, "ಈಗ ನೀವು ಬಗ್ಗಿ" ಎಂದೆ. ಆ ದೊಡ್ಡ ಹೊಟ್ಟೆ ಹೊತ್ತು ಪಾಪ, ಬಗ್ಗಿದರು.

ಅಧಿಕಾರಿ ನಮ್ಮಿಬ್ಬರನ್ನೂ ಮೇಲೆ ಕೆಳಗೆ ನೋಡಿದರು. "ಬಸ್ಸಿಲ್ಲ, ಡ್ರೈವರಿಲ್ಲ" ಎಂದು ಶುರು ಮಾಡಿದವರಿಗೆ ನಾನು ರೇಖಾಳ ತಾಯಿ ಹೇಳಿದ್ದನ್ನು ಹೇಳಿದೆ. ಹಾಲೇಶಪ್ಪನವರು ಯಾವ ಭಾಷಣವನ್ನೂ ಬಿಗಿಯದೆ, "ಆ ಹುಡುಗಿ ಸಾಲಿ ಬಿಟ್ರೆ ನಾವಿಬ್ರೂ ದಿನಾ ಇಲ್ಲೇ ಬಂದು ಕೂರ್ತೀವಿ. ಮೇಡಂ ಮಾತಾಡಾಕೆ ಹಿಡಿದ್ರೆ ನಿಲ್ಸಲ್ಲ, ನೋಡ್ರಿ" ಎಂದರು. ಅಧಿಕಾರಿಯ ಮುಖದಲ್ಲಿ ನಿಜವಾದ ಭಯ ಕಂಡಿತು. ಸೋಮವಾರ ಬಸ್ಸು ಬಂತು. ರೇಖಾ ಕಿಟಕಿಯಿಂದ ಕೈಬೀಸಿದಾಗ ಕಣ್ಣು ತುಂಬಿತು, ಧೂಳು ಎಂದುಕೊಂಡೆ.

ಮೊನ್ನೆ ಚುನಾವಣೆ ಬಂತು. ಹಾಲೇಶಪ್ಪನವರು ಮನೆಗೆ ಬಂದು, "ನೀವು ಓಟು ಹಾಕಲ್ಲ ಅಂತ ಗೊತ್ತೈತೆ. ಸುಮ್ನೆ ಬಂದೆ" ಎಂದರು. ಹಾಕಲೂ ಇಲ್ಲ, ಅದರಲ್ಲಿ ರಾಜಿಯಿಲ್ಲ. ಚಹಾ ಮಾತ್ರ ಏಲಕ್ಕಿ ಹಾಕಿ ಕೊಟ್ಟೆ. ಮರುದಿನ ನಮ್ಮ ಪಕ್ಷದವರು ಬಂದರು. ಹೋರಾಟದ ಬಗ್ಗೆ ಬಹಳ ಹೊತ್ತು ಮಾತಾಡಿದರು. ಅವರಿಗೆ ನೀರು ಕೊಟ್ಟು ಕಳಿಸಿದೆ.

"ಓಟು ಇವರಿಗೆ, ಚಹಾ ಅವರಿಗಾ?" ಎಂದರು ಯಜಮಾನರು.

"ಹಾಲು ಇರಲಿಲ್ಲ ರೀ" ಎಂದೆ.

ಅವರು ಹೋಗಿ ಫ್ರಿಡ್ಜಿನ ಬಾಗಿಲು ತೆಗೆದು, ಒಳಗಿದ್ದ ಹಾಲಿನ ಪಾತ್ರೆ ನನಗೆ ಕಾಣುವಂತೆ ಹಾಗೇ ಹಿಡಿದುಕೊಂಡು ನಿಂತರು.