ಸೀಮೆಎಣ್ಣೆ ಸೀಸೆಯವರ ಸನ್ನಿಧಾನಕ್ಕೆ

ಗಾಜನೂರಿನಾಚೆಯ ಹಳ್ಳಿಯಿಂದ,
೧೯೫೮, ನಾಟಿಯ ಕಾಲ.

ಮಾನ್ಯ ಸೀಸೆಯವರೇ,

ಗಾಡಿ ಹೊಡೆಯುವ ಲತೀಫ್ ಸಾಬರ ಅಡುಗೆಮನೆಯ ಗೂಡಿನಲ್ಲಿ ಸುಖಾಸೀನರಾಗಿರುವ ತಮಗೆ ಅದೇ ಊರಿನ ರೈತ ಜಟ್ಟಪ್ಪನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ಊರಿಗೆಲ್ಲ ಗೊತ್ತಿರುವುದರಿಂದ ವಿಚಾರಿಸುವುದಿಲ್ಲ. ನನ್ನ ಹೆಂಡತಿ ತುಂಗಮ್ಮನಿಗೆ ಮಾತ್ರ ಇಪ್ಪತ್ತು ದಿನದಿಂದ ಚಳಿಜ್ವರ.

ನಲವತ್ತು ಮನೆಯ ನಮ್ಮೂರಿನಲ್ಲಿ ಒಡೆಯದೆ ಉಳಿದಿರುವ ಗಾಜಿನ ಸೀಸೆ ತಾವೊಬ್ಬರೇ. ಆರು ದಿನ ತಮ್ಮ ಹೊಟ್ಟೆಯಲ್ಲಿ ಸೀಮೆಎಣ್ಣೆ. ವಾರಕ್ಕೊಮ್ಮೆ ಸರ್ಕಾರಿ ದವಾಖಾನೆ ತೆರೆಯುವ ಮಂಗಳವಾರ, ಯಾರಿಗೆ ಕಾಯಿಲೆಯೋ ಅವರ ಔಷಧಿ. ಔಷಧಿ ಸರ್ಕಾರದ್ದು, ಸೀಸೆ ರೋಗಿಯದು ಎಂಬುದು ಅಲ್ಲಿಯ ಕಾಯಿದೆ.

ಮೊದಲ ಮಂಗಳವಾರ ತುಂಗಮ್ಮನನ್ನು ಗಾಡಿಯಲ್ಲಿ ಮಲಗಿಸಿ, ತಮ್ಮನ್ನು ಮಡಿಲಲ್ಲಿ ಕೂರಿಸಿ ಆರು ಮೈಲಿ ಹೋದೆವು. ಕಾಂಪೌಂಡರ್ ಭೈರಪ್ಪನವರು "ಸೀಸೆ ಎಲ್ಲಿ ಮಾರಾಯ, ಮೊದ್ಲು ಅದನ್ನ ಕೊಡು" ಎಂದು ತಮ್ಮನ್ನು ಎತ್ತಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಬುಡ ತಟ್ಟಿ, ಬಾಯಿ ಮೂಸಿ, ಸೀಮೆಎಣ್ಣೆ ವಾಸನೆಯೆಂದು ವಾಪಸು ಕಳಿಸಿದರು. ಅಂಥ ತಪಾಸಣೆಯ ಭಾಗ್ಯ ನಮ್ಮ ವಂಶದಲ್ಲಿ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಗಡಗಡ ನಡುಗುತ್ತಿದ್ದ ತುಂಗಮ್ಮನ ಕಡೆ ಅವರು ತಿರುಗಿದ್ದು, ಬೆಂಚು ಅಲ್ಲಾಡುತ್ತದೆ, ಎದ್ದು ನಿಲ್ಲು ಎನ್ನುವುದಕ್ಕೆ ಮಾತ್ರ.

ಮುಂದಿನ ವಾರ ಬೂದಿ, ಸೀಗೆಪುಡಿ, ಬಿಸಿನೀರು ಹಾಕಿ ತಮಗೆ ಅಭ್ಯಂಜನ ಮಾಡಿಸಿದೆವು. ಆದರೂ ವಾಸನೆ ಉಳಿಯಿತಲ್ಲ ಎಂದು ಸಾಬರ ಮನೆಯವರಾದ ಶಮ್ಸುನ್ನೀಸಾ, ಪುಣ್ಯಾತ್ಮರು, ಮಗಳ ಮದುವೆಗೆಂದು ಗಾಂಧಿ ಬಜಾರಿನಿಂದ ತರಿಸಿಟ್ಟಿದ್ದ ಅತ್ತರನ್ನು ಎರಡು ಹನಿ ತಮ್ಮೊಳಗೆ ಬಿಟ್ಟರು. "ಇದೇನು ಔಷಧಿ ಸೀಸೆನೋ, ಮದುವೆ ಮನೆನೋ?" ಎಂದು ಭೈರಪ್ಪನವರು ಮತ್ತೆ ವಾಪಸು ಕಳಿಸಿದರು. ಮೂರನೆಯ ವಾರ ವಾಸನೆಯೇನೋ ಹೋಗಿತ್ತು, ಬಾಯಿಗೆ ಬಟ್ಟೆ ತುರುಕಿದ್ದೆವು. ಬೂಚಿಲ್ಲದ ಸೀಸೆಗೆ ಔಷಧಿಯಿಲ್ಲವಂತೆ. ಅಂದು ನನಗೆ ಬಂದ ಸಿಟ್ಟನ್ನು ಸರ್ಕಾರದ ಮೇಲೆ ತೋರಿಸಲು ಧೈರ್ಯ ಸಾಲದೆ ತಮ್ಮ ಮೇಲೆ ತೋರಿಸುತ್ತಿದ್ದೇನೆ, ಕ್ಷಮಿಸಬೇಕು.

ಈಗ ನನ್ನ ಅರಿಕೆ. ದವಾಖಾನೆಗೆ ಬೇಕಾದವರು ಹೇಗೂ ತಾವೇ ಆದ್ದರಿಂದ ಇನ್ನು ಮುಂದೆ ಚಳಿಜ್ವರವನ್ನೂ ತಾವೇ ಬರಿಸಿಕೊಳ್ಳಿ. ತುಂಗಮ್ಮ ತಮಗೆ ಜೊತೆಯಾಗಿ ಬಂದು ಬೇಕಾದರೆ ನಿಂತೇ ಇರುತ್ತಾಳೆ. ಅದಾಗದಿದ್ದರೆ ಭದ್ರಾವತಿಗೆ ಹೋಗಿ ಕಬ್ಬಿಣದಲ್ಲಿ ಎರಕ ಹೊಯ್ಯಿಸಿಕೊಂಡು, ಒಡೆಯದ ದೇಹ ಪಡೆದು ಬನ್ನಿ. ಇಲ್ಲವೇ ಎಂಟು ಹತ್ತು ಮರಿಗಳನ್ನಾದರೂ ಹಾಕಿ, ಬಾಣಂತನದ ಹೊಣೆ ನನ್ನದು. ನಾಟಿ ಅರ್ಧಕ್ಕೆ ನಿಂತಿದೆ. ಅಡುಗೆ ನಾನೇ ಮಾಡುತ್ತಿರುವುದರಿಂದ ಮನೆಯ ಉಳಿದವರೂ ಬೇಗನೆ ಹಾಸಿಗೆ ಹಿಡಿಯುವ ಸಂಭವವಿದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿದೆ ಸ್ವಾಮಿ, ಅವಳು ಎರಡು ದಿನದಿಂದ ಗಂಜಿಯನ್ನೂ ಮುಟ್ಟಿಲ್ಲ.

ತಮ್ಮ ಕಂಠಕ್ಕೆ ತಕ್ಕ ಬೂಚು ಹುಡುಕುತ್ತಿರುವ,
ತಮ್ಮ ವಿಶ್ವಾಸಿ,
ಜಟ್ಟಪ್ಪ

ವಿ.ಸೂ.: ಇದನ್ನು ಬರೆದಿಟ್ಟ ಮೇಲೆ ಬೂಚು ಸಿಕ್ಕಿತು. ಈ ಮಂಗಳವಾರ ಹೋದರೆ ದವಾಖಾನೆಗೆ ಬೀಗ, ಬಾಗಿಲಿಗೆ ಒಂದು ಕಾಗದ. ಸೀಸೆಗೆ ಔಷಧಿ ಹಾಕಿಸಿಕೊಂಡವರನ್ನು ಮಾತ್ರ ರೋಗಿಗಳೆಂದು ಬರೆದುಕೊಳ್ಳುತ್ತಿದ್ದರಂತೆ. ಈ ತಿಂಗಳು ಸುತ್ತಲಿನ ಹಳ್ಳಿಗಳಿಂದ ಒಬ್ಬ ರೋಗಿಯೂ ದಾಖಲಾಗದ ಕಾರಣ, ಇಲ್ಲಿಯ ಜನ ಪೂರ್ಣ ಆರೋಗ್ಯವಂತರೆಂದು ತೀರ್ಮಾನಿಸಿ ದವಾಖಾನೆಯನ್ನು ಬೇರೆಡೆಗೆ ವರ್ಗಾಯಿಸಿದ್ದಾರೆ. ಗಾಡಿಯಲ್ಲಿ ಮೂರು ಕಂಬಳಿ ಹೊದ್ದು ಮಲಗಿದ್ದ ತುಂಗಮ್ಮನಿಗೆ ಅದನ್ನು ಓದಿ ಹೇಳಿದೆ. ಹಲ್ಲು ಕಟಕಟಿಸುತ್ತಲೇ "ಹಂಗಾದ್ರೆ ನಂಗೇನೂ ಆಗಿಲ್ವಂತಾ?" ಎಂದು ಕೇಳಿದಳು. ಇಲ್ಲವಂತೆ ಎಂದೆ.