ಒಂದಿಂಚು ದೊಡ್ಡ ಸೆಲ್

ಒಂದಿಂಚಣ್ಣ ಬಾಳಿನಲ್ಲಿ ಯಾರಿಗೂ ಬಿಗಿಯಾದ ಬಟ್ಟೆ ಹೊಲಿದುಕೊಟ್ಟವನಲ್ಲ. ಅಳತೆ ಎಷ್ಟೇ ಬರಲಿ, ಅದಕ್ಕೊಂದು ಇಂಚು ಸೇರಿಸಿಯೇ ಕತ್ತರಿ ಹಾಕುವುದು ಅವನ ಕಸುಬಿನ ವ್ರತ. "ದೊಡ್ಡದಾದ್ರೆ ಒಳಗೆ ಹಿಡಿದು ಹೊಲಿಬಹುದು. ಚಿಕ್ಕದಾದ್ರೆ ನೀವೇ ಉಪವಾಸ ಇರ್ಬೇಕು" ಎಂದು ಗಿರಾಕಿಗಳಿಗೆ ಹೇಳಿ ಹೇಳಿಯೇ ಆ ಹೆಸರು ಅಂಟಿಕೊಂಡದ್ದು. ತಂದೆತಾಯಿ ಇಟ್ಟ ಹೆಸರು ಬಾಗಿಲ ಹಲಗೆಯ ಮೇಲೆ ಮಾಸಿಹೋಗಿ ಎಷ್ಟೋ ವರ್ಷಗಳಾಗಿದ್ದವು. ನಲವತ್ತು ವರ್ಷ ಅವನಿಗೆ ಅನ್ನ ಹಾಕಿದ ಆ ಒಂದಿಂಚೇ ಕೊನೆಗೆ ಅವನ ಕೊರಳಿಗೆ ಬಂತು.

ಕಾರಣ ಬೆರಳುದ್ದದ ಒಂದು ಸೆಲ್.

ಅವನ ಹೆಂಡತಿಯ ಹತ್ತಿರ ಅಂಗೈಯಗಲದ ಒಂದು ರೇಡಿಯೊ ಇತ್ತು. ಗುಂಡಿ ಒತ್ತಿ ಅದರೆದುರು ಮಾತನಾಡಿದರೆ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಜಾತಿಯದು. ದಿನವೂ ಸಂಜೆ ಆರು ಗಂಟೆಗೆ ಹೊಲಿಗೆ ಯಂತ್ರದ ಪಕ್ಕ ಕುಳಿತು ಆಕೆ ಒಂದು ದೇವರ ಹಾಡು ಹೇಳುತ್ತಿದ್ದಳು. ತಂಗಿ ಕಲಿತುಕೊಳ್ಳಲೆಂದು ಕಾಯಿಲೆಯ ಕೊನೆಯ ದಿನಗಳಲ್ಲಿ ಅದನ್ನು ಆ ರೇಡಿಯೊಗೆ ತುಂಬಿಸಿಟ್ಟಳು. ಆಮೇಲೆ ಹೊರಟುಹೋದಳು. ಅದನ್ನು ಕೇಳುವ ಧೈರ್ಯ ಒಂದಿಂಚಣ್ಣನಿಗೆ ಬರಲು ಹನ್ನೊಂದು ತಿಂಗಳು ಹಿಡಿಯಿತು. ಧೈರ್ಯ ಬಂದ ದಿನ ಗುಂಡಿ ಒತ್ತಿದರೆ ರೇಡಿಯೊ ತುಟಿಪಿಟಕ್ಕೆನ್ನಲಿಲ್ಲ. ಒಳಗಿನ ಸೆಲ್ ಸತ್ತಿತ್ತು. ಗೋಡೆಯ ಕರೆಂಟಿಗೆ ಸಿಕ್ಕಿಸಿದರೂ, ಸೆಲ್ ಹಾಕದೆ ಹಾಡೆನೆಂದು ಮುನಿದ ಅಳಿಯನಂತೆ ಕುಳಿತಿತು.

"ಈ ಲಿಥಿಯಂ ಸೆಲ್ ಬಿಡಿಯಾಗಿ ನಾವು ಇಡಲ್ಲ ಅಣ್ಣ. ಆನ್‌ಲೈನ್‌ನಲ್ಲಿ ತರಿಸ್ಕೊಳಿ, ಅಗ್ಗಕ್ಕೆ ಸಿಗುತ್ತೆ" ಎಂದ ಬೀದಿಯ ಮೊಬೈಲು ರಿಪೇರಿಯವನು.

ಎದುರುಮನೆಯಲ್ಲೇ ಇದ್ದ ನಾದಿನಿ ತನ್ನ ಫೋನು ತೆರೆದಳು. ಒಂದಿಂಚಣ್ಣ ಸತ್ತ ಸೆಲ್ಲನ್ನು ಮಲಗಿಸಿ, ಟೇಪು ಹಿಡಿದು ಅಳತೆ ತೆಗೆದ.

"ದಪ್ಪ ಹದಿನೆಂಟು ಮಿಲಿಮೀಟರ್ ಬಂತು ನೋಡಮ್ಮ."

"ಹದಿನೆಂಟರದ್ದೂ ಇದೆ ಭಾವ, ಇಪ್ಪತ್ತೊಂದರದ್ದೂ ಇದೆ. ಎರಡಕ್ಕೂ ಒಂದೇ ಬೆಲೆ. ಎರಡು ತಗೊಂಡ್ರೆ ಎರಡು ಉಚಿತವಂತೆ. ಸಾವಿರಾರು ಜನ ಐದೈದು ನಕ್ಷತ್ರ ಕೊಟ್ಟಿದ್ದಾರೆ."

"ಒಂದೇ ಬೆಲೆಯಾ? ಹಾಗಾದ್ರೆ ದೊಡ್ಡದೇ ಹಾಕು."

"ಒಳಗೆ ಹಿಡಿಸುತ್ತಾ?"

"ದೊಡ್ಡದಾದ್ರೆ ಹೇಗಾದ್ರೂ ಮಾಡ್ಕೋಬಹುದು ಕಣಮ್ಮ. ಚಿಕ್ಕದಾದ್ರೆ ಏನು ಮಾಡ್ತೀಯ?"

ಮಾತು ತೂಕವಾಗಿಯೇ ಕೇಳಿಸಿತು. ನಾದಿನಿ ಗುಂಡಿ ಒತ್ತಿದಳು.

ಪಾರ್ಸೆಲ್ ಬಂದದ್ದು, ಹೆಂಡತಿ ತೀರಿಕೊಂಡು ಸರಿಯಾಗಿ ಒಂದು ವರ್ಷ ತುಂಬಿದ ದಿನ ಬೆಳಿಗ್ಗೆ ಹನ್ನೊಂದಕ್ಕೆ. ಸಂಜೆ ಆರಕ್ಕೆ, ಆಕೆ ಹಾಡುತ್ತಿದ್ದ ಹೊತ್ತಿಗೇ, ಆಕೆಯ ದನಿಯನ್ನು ಕೇಳುವುದೆಂದು ಒಂದಿಂಚಣ್ಣ ದೇವರ ಮುಂದೆ ಹೇಳಿಕೊಂಡಿದ್ದ. ಭಗವಂತ ಕೈಬಿಡಲಿಲ್ಲವೆಂದು ಎರಡೂ ಕೈ ಚಾಚಿದ. ಪಾರ್ಸೆಲ್ಲಿನವನು ಹಿಂದಕ್ಕೆ ಎಳೆದುಕೊಂಡ.

"ಓಟಿಪಿ ಹೇಳಿ ಸರ್."

"ಅದು ನಾದಿನಿ ಫೋನಿಗೆ ಬರುತ್ತಪ್ಪ. ಅವಳು ಆಫೀಸಿನಲ್ಲಿದ್ದಾಳೆ. ಸೆಲ್ ನನ್ನದೇ."

"ಎಲ್ಲರೂ ಹಾಗೇ ಅಂತಾರೆ ಸರ್. ನಂಬರ್ ಇಲ್ದೆ ಕೊಡೋ ಹಾಗಿಲ್ಲ."

ಅಷ್ಟರಲ್ಲಿ ಕೆಳಮನೆಯ ಬಾಗಿಲು ತೆರೆಯಿತು. ಅಲ್ಲಿದ್ದ ಹೆಂಗಸು ಹಾಲು ಉಕ್ಕಿದರೂ ಕಟ್ಟಡಕ್ಕೆಲ್ಲ ಸಾರುವವಳು. ಅವಳಿಗೆ ಸೈರನ್ನಮ್ಮ ಎಂದು ಹೆಸರಿಟ್ಟದ್ದು ಒಂದಿಂಚಣ್ಣನ ಹೆಂಡತಿಯೇ. ಸೈರನ್ನಮ್ಮ ವಿಷಯ ತಿಳಿದವಳೇ ತನ್ನ ಫೋನಿನಿಂದ ನಾದಿನಿಗೆ ಕರೆಮಾಡಿದಳು. ಆಫೀಸಿನಲ್ಲಿ ಸಾಹೇಬರ ಎದುರು ಕುಳಿತಿದ್ದ ನಾದಿನಿ ಪಿಸುಮಾತಿನಲ್ಲಿ ನಂಬರು ಹೇಳಿದಳು.

"ಏಳಾ? ಏಳೇ ತಾನೆ? ಏಳು, ಸೊನ್ನೆ, ಒಂಬತ್ತು, ಒಂಬತ್ತು!" ಎಂದು ಸೈರನ್ನಮ್ಮ ಕೂಗಿದಳು. ಯಾರಿಗೂ ಹೇಳಬಾರದ ನಾಲ್ಕು ಅಂಕಿ ಮೂರು ಮಹಡಿಗೂ ಗೊತ್ತಾದವು. ಪಾರ್ಸೆಲ್ ಕೈಗೆ ಬಂತು. ಜೊತೆಗೆ ಮಹಡಿಯಿಂದ ಮೇಷ್ಟ್ರೂ ಇಳಿದು ಬಂದರು.

ಮೇಷ್ಟ್ರು ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಪಾಠ ನಿಲ್ಲಿಸಿರಲಿಲ್ಲ, ಶಾಲೆಗೆ ಹೋಗುವುದನ್ನು ಮಾತ್ರ ನಿಲ್ಲಿಸಿದ್ದರು.

"ಏನು ಬಂತು ಟೈಲರ್ರೇ?"

"ಒಂದು ಸೆಲ್ ಮೇಷ್ಟ್ರೇ. ಚಿಕ್ಕ ವಿಷಯ."

"ಲಿಥಿಯಂ ಚಿಕ್ಕ ವಿಷಯ ಅಲ್ಲ" ಎಂದು ಮೇಷ್ಟ್ರು ಕರೆಯದೆಯೇ ಒಳಗೆ ಬಂದು ಕುಳಿತರು.

ಡಬ್ಬಿ ಬಿಚ್ಚಿದರೆ ನೇರಳೆ ಬಣ್ಣದ ನಾಲ್ಕು ಸೆಲ್ಲುಗಳು ಹೊಟ್ಟೆ ತುಂಬಿದ ಮರಿಗಳಂತೆ ಮಲಗಿದ್ದವು. ಮೈಮೇಲೆ ಬಂಗಾರದ ಅಕ್ಷರದಲ್ಲಿ ಶಕ್ತಿ ಒಂಬತ್ತು ಸಾವಿರದ ಒಂಬೈನೂರು ಎಂದು ಬರೆದಿತ್ತು. ಮೇಷ್ಟ್ರು ಕನ್ನಡಕ ಮೂಗಿನ ತುದಿಗೆ ತಂದುಕೊಂಡರು.

"ಇಷ್ಟು ಶಕ್ತಿ ಹಿಡಿಯೋ ಸೆಲ್ಲನ್ನ ಈ ಗಾತ್ರದಲ್ಲಿ ಇನ್ನೂ ಯಾರೂ ಮಾಡಿಲ್ಲ."

"ಈಗ ಮಾಡಿರಬಹುದು. ಸಾವಿರಾರು ಜನ ಐದೈದು ನಕ್ಷತ್ರ ಕೊಟ್ಟಿದ್ದಾರಂತೆ" ಎಂದ ಒಂದಿಂಚಣ್ಣ.

"ಇದಕ್ಕೆ ಯಾಕೆ ಕೊಟ್ರೋ! ಅಲ್ಲಾಡಿಸಿ ನೋಡಿ, ಒಳ್ಳೆ ಸೆಲ್ ಸದ್ದು ಮಾಡಲ್ಲ."

ಅಲ್ಲಾಡಿಸಿದ. ಒಳಗೆ ಮಕ್ಕಳ ಗಿಲಕಿಯಂತೆ ಏನೋ ಸರಸರ ಎಂದಿತು. ಅದನ್ನು ಕೇಳದವನಂತೆ ಒಂದಿಂಚಣ್ಣ ರೇಡಿಯೊದ ಬೆನ್ನು ಬಿಚ್ಚಿ ಸೆಲ್ಲನ್ನು ಅದರ ಗೂಡಿಗೆ ಒತ್ತಿದ. ಹೋಗಲಿಲ್ಲ. ಓರೆ ಮಾಡಿ ಒತ್ತಿದ. ಮಗ್ಗುಲಾಗಿ ಒತ್ತಿದ. ಹೆಬ್ಬೆರಳು ಕೆಂಪಾಯಿತೇ ಹೊರತು ಸೆಲ್ ಕೂರಲಿಲ್ಲ. ಮದುವೆಯ ಹಿಂದಿನ ದಿನ ಹೊಟ್ಟೆ ಬೆಳೆಸಿಕೊಂಡು ಬಂದು ಕೋಟು ಹಾಕಿಸಿಕೊಳ್ಳುವ ವರನನ್ನು ಅವನು ಬಹಳ ನೋಡಿದ್ದ. ಆದರೆ ಅಲ್ಲಿ ಬಿಚ್ಚಲು ಹೊಲಿಗೆಯಾದರೂ ಇರುತ್ತಿತ್ತು.

"ಮೇಲಿನ ಈ ನೇರಳೆ ಅಂಗಿ ತೆಗೆದ್ರೆ ಸ್ವಲ್ಪ ಸಡಿಲ ಆಗುತ್ತೆ" ಎಂದು ತನಗೆ ತಾನೇ ಹೇಳಿಕೊಂಡು, ಸಣ್ಣ ಕತ್ತರಿ ತೆಗೆದು, ಸೆಲ್ಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಸರ್ರನೆ ಸೀಳಿದ.

"ಅಯ್ಯೋ ಪುಣ್ಯಾತ್ಮ!" ಮೇಷ್ಟ್ರು ಕುರ್ಚಿ ಕೆಡವಿ ಎದ್ದರು. "ಅದು ಅಂಗಿ ಅಲ್ರೀ, ಅದರ ಪ್ರಾಣ! ಕತ್ತರಿ ತುದಿ ಎರಡು ಕಡೆ ತಾಗಿದ್ರೆ ಬೆಂಕಿ!"

ಬೆಂಕಿ ಎಂಬ ಮಾತೊಂದು ಸಾಕಾಯಿತು. ಬಾಗಿಲಲ್ಲೇ ಕಿವಿಗೊಟ್ಟು ನಿಂತಿದ್ದ ಸೈರನ್ನಮ್ಮ "ಟೈಲರ್ ಮನೇಲಿ ಬೆಂಕಿ!" ಎಂದು ಕೂಗುತ್ತ ಓಡಿದಳು. ಎರಡೇ ನಿಮಿಷದಲ್ಲಿ ಮೆಟ್ಟಿಲ ತುಂಬ ಜನ. ಒಬ್ಬರ ಕೈಯಲ್ಲಿ ಕಂಬಳಿ, ಇನ್ನೊಬ್ಬರ ಕೈಯಲ್ಲಿ ನೆನೆಹಾಕಿದ ಬಟ್ಟೆಯ ಸಮೇತ ಒಂದು ಬಕೆಟ್ಟು ನೀರು.

"ನೀರು ಬೇಡ! ಮರಳು, ಮರಳು!" ಎಂದರು ಮೇಷ್ಟ್ರು.

ಮರಳು ಬಂತು. ಅಂಗಿ ಕಳಚಿದ ಸೆಲ್ಲನ್ನು ಮೇಷ್ಟ್ರು ಇಕ್ಕಳದಲ್ಲಿ ಹಿಡಿದು ಮರಳಿನ ಬಕೆಟ್ಟಿನಲ್ಲಿ ಹೂತರು. ನೀರು ತಂದವರು ತಂದದ್ದು ವ್ಯರ್ಥವಾಗಬಾರದೆಂದೋ ಏನೋ, ಹೊಸ್ತಿಲಲ್ಲಿ ಮುಗ್ಗರಿಸಿ, ನಾಳೆ ಕೊಡಬೇಕಾಗಿದ್ದ ಎರಡು ಪ್ಯಾಂಟುಗಳ ಮೇಲೆ ಅದನ್ನು ಚೆಲ್ಲಿದರು.

"ನನ್ನ ಪಾಡಿಗೆ ಒಂದು ಸೆಲ್ ಹಾಕ್ಕೊಳ್ಳೋಕೆ ಬಿಡಿ ಅಂದ್ರೆ!" ಒಂದಿಂಚಣ್ಣ ಪ್ಯಾಂಟು ಹಿಂಡುತ್ತ ನಿಂತ. ಯಾರೂ ಬಿಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು ಮನೆಯಿಂದ ಮೀಟರು ತಂದು ಉಳಿದ ಮೂರಕ್ಕೂ ನಾಡಿ ನೋಡಿದರು. ಒಂದರಲ್ಲಿ ಮುಳ್ಳು ಅಲುಗಲಿಲ್ಲ. ಇನ್ನೊಂದರಲ್ಲಿ ಅಲುಗಿದಂತೆ ಮಾಡಿ ಮಲಗಿತು.

"ಇವೆರಡೂ ಹೋದವು."

"ಚಾರ್ಜ್ ಹಾಕಿದ್ರೆ?"

"ಸೊನ್ನೆಗೆ ಇಳಿದ ಸೆಲ್ಲಿಗೆ ಚಾರ್ಜ್ ಹಾಕೋದಾ? ಆಗ ಸೈರನ್ನಮ್ಮ ಕೂಗಿದ್ದು ನಿಜ ಆಗುತ್ತೆ."

ಅವೆರಡೂ ಬಕೆಟ್ಟು ಸೇರಿದವು. ನಾಲ್ಕನೆಯದರಲ್ಲಿ ಮಾತ್ರ ಮುಳ್ಳು ಮೇಲೆದ್ದು ನಿಂತಿತು. ಒಂದಿಂಚಣ್ಣನ ಉಸಿರೂ ಅದರ ಜೊತೆಗೆ ಎದ್ದು ನಿಂತಿತು.

"ಜೀವ ಇದೆ" ಎಂದರು ಮೇಷ್ಟ್ರು. "ಆದ್ರೆ ಒಳಗೆ ಹಿಡಿಸಲ್ಲವಲ್ಲ."

"ಒಳಗೇ ಯಾಕೆ ಇರ್ಬೇಕು ಮೇಷ್ಟ್ರೇ? ಒಳಗೆ ಜಾಗ ಇಲ್ಲದ್ದನ್ನ ನಾವು ಹೊರಗಿನ ಜೇಬಿಗೆ ಹಾಕಲ್ವಾ?"

ಮೇಷ್ಟ್ರು ಬೆರಗಾಗಿ ನೋಡಿದರು. ಮೂವತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಅವರನ್ನು ಹಾಗೆ ನೋಡುವಂತೆ ಮಾಡಿರಲಿಲ್ಲ. ಒಂದಿಂಚಣ್ಣ ದಪ್ಪ ಕ್ಯಾನ್ವಾಸಿನಲ್ಲಿ ಸೆಲ್ಲಿಗೊಂದು ಜೇಬು ಹೊಲಿದ. ಈ ಸಲ ಮೇಷ್ಟ್ರು ಪಕ್ಕದಲ್ಲೇ ನಿಂತು "ಒಂದಿಂಚು ಬಿಡಬೇಡಿ, ಬಿಗಿಯಾಗಿರಲಿ" ಎಂದು ಗದರಿದ್ದರಿಂದ, ಹುಟ್ಟಿದ ಮೇಲೆ ಮೊದಲ ಸಲ ಮೈಗಂಟುವ ಅಳತೆಗೆ ಕತ್ತರಿ ಹಾಕಿದ. ಜೇಬಿನ ಎರಡು ತುದಿಗೂ ಒತ್ತುಗುಂಡಿ. ಒಂದೊಂದು ಗುಂಡಿಯಿಂದಲೂ ರೇಡಿಯೊದ ಗೂಡಿಗೆ ಒಂದೊಂದು ತಂತಿ. ಸೆಲ್ಲಿನ ಕೂಡುವ ಗುರುತಿನ ಕಡೆ ಕೆಂಪು ದಾರ, ಕಳೆಯುವ ಗುರುತಿನ ಕಡೆ ಕಪ್ಪು ದಾರ. ಕೆಲಸ ಮುಗಿಯುವ ಹೊತ್ತಿಗೆ ರೇಡಿಯೊ ಚೀಲ ನೇತುಹಾಕಿಕೊಂಡು ಪ್ರಯಾಣಕ್ಕೆ ಹೊರಟ ಮುದುಕನಂತೆ ಕಾಣುತ್ತಿತ್ತು.

ಗಂಟೆ ಐದೂ ಮುಕ್ಕಾಲು. ನಾದಿನಿ ಆಫೀಸಿನಿಂದ ನೇರವಾಗಿ ಬಂದಳು. ಹಾಡು ಬರೆದುಕೊಳ್ಳಲು ಪುಸ್ತಕವನ್ನೂ ತಂದಿದ್ದಳು. ಒಂದಿಂಚಣ್ಣ ಒಗೆದ ಅಂಗಿ ತೊಟ್ಟು, ಹೆಂಡತಿ ಕೂರುತ್ತಿದ್ದ ಮಣೆಯ ಮೇಲೆ ರೇಡಿಯೊ ಇಟ್ಟ. ಮೇಷ್ಟ್ರನ್ನೂ ಸೈರನ್ನಮ್ಮನನ್ನೂ ಯಾರೂ ಕರೆದಿರಲಿಲ್ಲ. ಆದರೂ ಅವರಿಗೇ ಮೊದಲು ಜಾಗ ಸಿಕ್ಕಿತ್ತು. ಬಾಗಿಲಲ್ಲಿ ಬೆಳಿಗ್ಗೆ ಬೆಂಕಿ ಆರಿಸಲು ಬಂದವರೆಲ್ಲ ನಿಂತಿದ್ದರು.

ಆರು ಹೊಡೆಯಿತು. ಒಂದಿಂಚಣ್ಣ ಕಣ್ಣು ಮುಚ್ಚಿ ಕೈ ಮುಗಿದು, ಗುಂಡಿ ಒತ್ತಿದ.

ಗರಗರ ಎಂದಿತು. ಆಮೇಲೆ ಒಂದು ಕೆಮ್ಮು. ಆ ಕೆಮ್ಮಿಗೇ ಅವನು ಮಣೆಯ ಹತ್ತಿರಕ್ಕೆ ಸರಿದ.

"ರೀ, ಇದು ಓಡ್ತಾ ಇದೆಯಾ? ಕೆಂಪು ದೀಪ ಬಂದಿದೆ. ಹೂಂ. ನೀವು ಗಿರಾಕಿ ಹತ್ರ ಮಾತಾಡ್ತಿದ್ದೀರಿ, ಅದಕ್ಕೇ ಈಗ ಹೇಳಿಬಿಡ್ತೀನಿ." ದನಿ ಸಣ್ಣಗಾಗಿದ್ದರೂ ಅವಳದೇ. "ಹಾಡು ಆಮೇಲೆ ಹೇಳ್ತೀನಿ ಕಣೇ ತಂಗಿ, ಮೊದಲು ನಿಮ್ಮ ಭಾವನಿಗೆ ಒಂದು ಮಾತು. ರೀ, ಇದರ ಸೆಲ್ ಒಂದು ವರ್ಷ ಬಂದ್ರೆ ಹೆಚ್ಚಂತೆ, ಅಂಗಡಿಯವನೇ ಹೇಳಿದ. ನೀವು ಹೋಗಿ ಅಗ್ಗದ್ದು ಯಾವುದೋ ದೊಡ್ಡದು ತರ್ತೀರಿ. ನನಗೆ ಗೊತ್ತು."

ಸೈರನ್ನಮ್ಮ ಕಿಸಕ್ಕೆಂದಳು. ಮೇಷ್ಟ್ರು ಕಣ್ಣಲ್ಲೇ ಗದರಿದರು.

"ಅದಕ್ಕೇ ಸರಿಯಾದ ಅಳತೆಯ ಎರಡು ಒಳ್ಳೆ ಸೆಲ್ ತಂದು ಮನೆಯಲ್ಲೇ ಇಟ್ಟಿದ್ದೀನಿ. ಕಣ್ಣಿಗೆ ಬಿದ್ರೆ ಕತ್ತರಿ ಹಾಕಿ ನೋಡ್ತೀರಿ ಅಂತ, ನೀವು ಜನ್ಮದಲ್ಲಿ ಕೈ ಹಾಕದ ಜಾಗದಲ್ಲಿ ಇಟ್ಟಿದ್ದೀನಿ. ಎಲ್ಲಿ ಅಂದ್ರೆ..."

ಸೆಲ್ಲಿನ ಶಕ್ತಿ ಇಳಿದು ದನಿ ಎಳೆದೆಳೆದು, ಗಂಡಸಿನ ದನಿಯಾಗಿ, ಆಕಳಿಸಿ, ನಿಂತಿತು.

ಒಂದಿಂಚಣ್ಣ ಗುಂಡಿ ಒತ್ತಿದ. ಮತ್ತೆ ಒತ್ತಿದ. ಒತ್ತುಗುಂಡಿ ಬಿಚ್ಚಿ ಹಾಕಿದ. ರೇಡಿಯೊ ಮಾತನಾಡಲಿಲ್ಲ. ಮೇಷ್ಟ್ರು ಮರಳಿನ ಬಕೆಟ್ಟನ್ನು ಪಕ್ಕಕ್ಕೆ ಎಳೆದುಕೊಂಡು ಚಾರ್ಜಿಗೆ ಸಿಕ್ಕಿಸಿದರು. ಐದು ನಿಮಿಷಕ್ಕೆ ಕ್ಯಾನ್ವಾಸಿನ ಜೇಬು ಇಸ್ತ್ರಿಪೆಟ್ಟಿಗೆಯಂತೆ ಕಾದು, ಸೆಲ್ ಬಸುರಿಯಂತೆ ಉಬ್ಬಿತು. ಮೇಷ್ಟ್ರು ಜೇಬಿನ ಸಮೇತ ಕಿತ್ತು ಅದನ್ನೂ ಮರಳಿನಲ್ಲಿ ಹೂತರು. ಒಂಬತ್ತು ಸಾವಿರದ ಒಂಬೈನೂರು ಶಕ್ತಿಯ ನಾಲ್ಕೂ ಒಂದೇ ಬಕೆಟ್ಟಿನಲ್ಲಿ ತಣ್ಣಗಾದವು.

"ಬದುಕಿದ್ದಾಗಲೂ ಹೀಗೇ!" ಒಂದಿಂಚಣ್ಣ ಹಣೆ ಚಚ್ಚಿಕೊಂಡ. "ಅರ್ಧ ಮಾತು ಹೇಳಿ ಒಲೆ ಮೇಲೆ ಏನೋ ಇದೆ ಅಂತ ಎದ್ದು ಹೋಗಿಬಿಡೋಳು!"

"ಸುಮ್ನಿರಿ ಭಾವ, ಯೋಚನೆ ಮಾಡೋಣ" ಎಂದು ನಾದಿನಿ ಕಣ್ಣು ಒರೆಸಿಕೊಂಡಳು. "ನೀವು ಜನ್ಮದಲ್ಲಿ ಕೈ ಹಾಕದ ಜಾಗ ಅಂದ್ರೆ..." ಅವಳು ಸುತ್ತ ನೋಡಿದಳು. ಅಡುಗೆಮನೆ, ಪಾತ್ರೆ ತೊಳೆಯುವ ಜಾಗ, ಬಟ್ಟೆ ಮಡಿಸುವ ಕಪಾಟು, ಕಸಬರಿಕೆಯ ಮೂಲೆ, ದೀಪದ ಎಣ್ಣೆಯ ಗೂಡು. ಅವಳ ಮುಖ ಇಳಿಯಿತು. "ಹೊಲಿಗೆ ಯಂತ್ರ ಒಂದು ಬಿಟ್ರೆ ಇಡೀ ಮನೆ ಆಯ್ತಲ್ಲ ಭಾವ!"

ಹುಡುಕಾಟ ಆರಂಭವಾಯಿತು. ಬೆಂಕಿಗೆ ಬಂದವರೆಲ್ಲ ಅದಕ್ಕೂ ನಿಂತರು. ಮೇಷ್ಟ್ರು ಮನೆಯನ್ನು ನಾಲ್ಕು ಭಾಗ ಮಾಡಿ ಒಬ್ಬೊಬ್ಬರಿಗೆ ಒಂದೊಂದು ಹಂಚಿದರು. ಸೈರನ್ನಮ್ಮ ಡಬ್ಬಿ ತೆರೆದಾಗಲೆಲ್ಲ "ಸಿಕ್ತು!" ಎಂದು ಕೂಗಿ, "ಇಲ್ಲ, ಏಲಕ್ಕಿ" ಎಂದು ಮುಚ್ಚಿದಳು. ಅರ್ಧ ಗಂಟೆಯಲ್ಲಿ ಹಾಸಿಗೆ ಬಾಗಿಲಲ್ಲಿ, ಪಾತ್ರೆ ಹಾಸಿಗೆಯ ಮೇಲೆ. ಒಂದು ವರ್ಷದಿಂದ ಯಾವುದನ್ನೂ ಕದಲಿಸದೆ ಆಕೆ ಬಿಟ್ಟು ಹೋದ ಹಾಗೇ ಕಾಪಾಡಿಕೊಂಡು ಬಂದಿದ್ದ ಮನೆಯಲ್ಲಿ ಒಂದಿಂಚಣ್ಣನಿಗೆ ಈಗ ಕಾಲಿಡಲು ಜಾಗವಿರಲಿಲ್ಲ. ಸೆಲ್ ಮಾತ್ರ ಸಿಗಲಿಲ್ಲ.

ಆಗ ನಾದಿನಿಯ ಫೋನು ಟಿಣ್ ಎಂದಿತು. ಅವಳು ಓದಿ ಹಲ್ಲು ಕಡಿದಳು.

"ಭಾವ, ಸೆಲ್ ಕಳಿಸಿದವನು ಕೇಳ್ತಾ ಇದ್ದಾನೆ. ನಮ್ಮ ಸರಕು ಹೇಗಿತ್ತು, ನಕ್ಷತ್ರ ಕೊಡಿ ಅಂತ. ಒಂದು ಕೊಟ್ಟು ಚೆನ್ನಾಗಿ ಬೈದು ಬರೀತೀನಿ."

ಒಂದಿಂಚಣ್ಣ ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದ. ಅವನ ಮುಂದೆ ಇನ್ನೂ ಯಾರೂ ತೆರೆಯದ ಬೇಳೆಯ ಡಬ್ಬಿಯಿತ್ತು.

"ಐದು ಕೊಡಮ್ಮ."

"ಐದಾ? ಮೂರು ಕೈಕೊಟ್ಟವು, ನಾಲ್ಕನೇದು ಎರಡು ನಿಮಿಷವೂ ಬಾಳಲಿಲ್ಲ!"

"ಎರಡು ನಿಮಿಷ ಬೈದಳಲ್ಲ" ಎಂದ ಒಂದಿಂಚಣ್ಣ. "ಒಂದು ವರ್ಷ ಆಗಿತ್ತು."

ಸಾವಿರಾರು ಜನ ಆ ಸೆಲ್ಲಿಗೆ ಯಾಕೆ ಐದೈದು ನಕ್ಷತ್ರ ಕೊಟ್ಟಿದ್ದರೆಂಬ ತಮ್ಮ ಬೆಳಗಿನ ಪ್ರಶ್ನೆಗೆ ಉತ್ತರ ಸಿಕ್ಕವರಂತೆ ಮೇಷ್ಟ್ರು ಮೂಲೆಯಲ್ಲಿ ನಿಂತು ಮೆಲ್ಲಗೆ ತಲೆದೂಗಿದರು. ಒಂದಿಂಚಣ್ಣ ಅಂಗಿಯ ತೋಳು ಮಡಿಸಿದ. ಡಬ್ಬಿಯ ಮುಚ್ಚಳ ತೆಗೆದು, ಜನ್ಮದಲ್ಲಿ ಮೊದಲ ಸಲ ಬೇಳೆಯೊಳಗೆ ಮೊಣಕೈತನಕ ಕೈ ಇಳಿಸಿದ.

"ಇಲ್ಲೂ ಇಲ್ಲ ಕಣೇ!" ಎಂದು ರೇಡಿಯೊ ಕಡೆಗೆ ಮುಖ ಮಾಡಿ ರೇಗಿದ.