ಅತ್ತೆಯವರ ಮಸಾಲೆ ಖಾರ ಮತ್ತು ನಾನು

ಅಡುಗೆ ಬಾರದು ಎಂದು ಒಪ್ಪಿಕೊಂಡವನು ಸುಖವಾಗಿರುತ್ತಾನೆ. ಬರುತ್ತದೆ ಎಂದು ಹೆಂಡತಿಯ ಮುಂದೆ ಒಮ್ಮೆ ಬಾಯಿ ಜಾರಿದವನ ಪಾಡು ಬೇರೆ. ನಾನು ಎರಡನೆಯ ಗುಂಪಿನವನು. ನನ್ನ ಹೆಂಡತಿ ಶಾಲಾ ಶಿಕ್ಷಕಿ. ಒಂದು ವಾರದ ತರಬೇತಿಗೆಂದು ಕರ್ನೂಲಿಗೆ ಹೊರಟಾಗ, "ನಿಮಗ ಅಡಿಗಿ ಬರ್ತೈತಲ್ಲ, ಅವ್ವನ್ನ ನೋಡ್ಕೊಳ್ರಿ" ಎಂದು ಹೇಳಿ ಬಸ್ಸು ಹತ್ತಿದಳು.

ಅವ್ವ ಎಂದರೆ ನನ್ನ ಅತ್ತೆ. ಚಿಪ್ಪಗಿರಿಯಲ್ಲಿ ಜಾರಿ ಬಿದ್ದು, ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಆದೋನಿಯ ನಮ್ಮ ಮನೆಗೆ ಬಂದಿದ್ದರು. ಮದುವೆಯಾಗಿ ಹನ್ನೊಂದು ವರ್ಷವಾದರೂ ಅವರು ನನ್ನ ಜೊತೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಅಳಿಯನ ಮುಂದೆ ಸೆರಗು ಹೊದ್ದು, ಬಾಗಿಲ ಮರೆಯಲ್ಲಿ ನಿಂತು, "ಅವರಿಗೆ ಕೇಳವ್ವ, ಇನ್ನೊಂದು ರೊಟ್ಟಿ ಹಾಕ್ಲೇನು ಅಂತ" ಎಂದು ಮಗಳ ಮೂಲಕವೇ ವ್ಯವಹಾರ. ಈಗ ಮಗಳೇ ಇಲ್ಲ.

ಮೊದಲ ದಿನವೇ ನಾನು ಬದನೆಕಾಯಿ ಎಣ್ಣೆಗಾಯಿಗೆ ಕೈಹಾಕಿದೆ. ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು, ನೀರಿನ ಕೊಡದ ಕಡೆ ಮುಖ ಮಾಡಿ, "ಉರಿ ಸಣ್ಣ ಮಾಡಿದ್ರ ಚೊಲೋ" ಎಂದರು. ಕೊಡ ಸುಮ್ಮನಿತ್ತು. ನಾನು ಉರಿ ಸಣ್ಣ ಮಾಡಿದೆ. "ಖಾರ ಎರಡು ಚಮಚ ಸಾಕು," ಎಂದರು ಕೊಡಕ್ಕೆ. ಅದು ಅವರೇ ಒಣಮೆಣಸಿನಕಾಯಿ, ಕೊತ್ತಂಬರಿ, ಕೊಬ್ಬರಿ, ಬೆಳ್ಳುಳ್ಳಿ ಹುರಿದು ಕುಟ್ಟಿದ ಮಸಾಲೆ ಖಾರ. ಹಾಕಿದೆ. ಆದರೆ ನನಗೆ ನನ್ನ ಕೈಯ ಮೇಲೆ ನಂಬಿಕೆಯಿಲ್ಲ. ಯಾವುದಕ್ಕೂ ಇರಲಿ ಎಂದು ಅಂಗಡಿಯಿಂದ ತಂದಿದ್ದ ಗರಂ ಮಸಾಲೆಯ ಪೊಟ್ಟಣವನ್ನು ಹಲ್ಲಿನಿಂದ ಹರಿದು ಬಾಣಲೆಯ ಮೇಲೆ ಬಗ್ಗಿಸಿದೆ.

"ಏಯ್! ವದ್ದು ವದ್ದು! ಹಾಕಬ್ಯಾಡ! ಹುಚ್ಚಗಿಚ್ಚ ಹಿಡದೈತೇನು ನಿನಗ? ನನ್ನ ಖಾರದಾಗ ಏನು ಕಡಿಮಿ ಐತಿ?"

ಗಾಬರಿಯಲ್ಲಿ ಅವರ ಬಾಯಿಗೆ ಬೇಡವೆನ್ನುವ ತೆಲುಗು ಮಾತೂ ಬಂದಿತ್ತು. ಪೊಟ್ಟಣ ನನ್ನ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅತ್ತೆ ಎಡಗೈಯಲ್ಲಿ ಬಾಯಿ ಮುಚ್ಚಿಕೊಂಡರು. ಎದ್ದು ಹೋಗಿ ಕೋಣೆಯ ಗೋಡೆಗೆ ಮುಖ ಮಾಡಿ ಕುಳಿತವರು ಊಟಕ್ಕೆ ಕರೆದರೂ ಬರಲಿಲ್ಲ. "ಅಳಿಯಗ ಏಯ್ ಅಂದ್ನೆಲ್ಲಪ್ಪಾ, ನಾಳಿಗಿ ಊರಿಗಿ ಹೋಗಿಬಿಡ್ತೀನಿ" ಎಂದು ಗೋಡೆಗೆ ಹೇಳುತ್ತಿದ್ದರು. ಕಣ್ಣು ಒದ್ದೆಯಾಗಿತ್ತು. ಪಕ್ಕದ ಮನೆಯವರು ಬಡಿದುಕೊಟ್ಟ ರೊಟ್ಟಿಯನ್ನು ಎಣ್ಣೆಗಾಯಿಯ ರಸದಲ್ಲಿ ಮುರಿದು, ಚಮಚ ಇಟ್ಟು, ತಟ್ಟೆಯನ್ನು ಅವರ ಮುಂದಿಟ್ಟೆ.

"ಅತ್ತಿ, ನಮ್ಮವ್ವ ಹೋದ ಮ್ಯಾಲೆ ನನಗ ಏಯ್ ಅನ್ನೋರು ಯಾರೂ ಇದ್ದಿಲ್ಲ. ನೀವು ಅಂದಿದ್ದು ಚೊಲೋನೇ ಆತು. ಉಣ್ರಿ."

ಅತ್ತೆ ಎಡಗೈಯಲ್ಲಿ ಚಮಚ ಹಿಡಿದರು. ಒಂದು ತುತ್ತು ತಿಂದು, ನನ್ನ ಮುಖವನ್ನೇ ನೋಡಿ ಅಂದರು: "ಉಪ್ಪು ಹಾಕೇ ಇಲ್ರಿ ನೀವು."

ಉಳಿದ ಆರು ದಿನ ನಮ್ಮಿಬ್ಬರ ಮಾತು ನಿಲ್ಲಲಿಲ್ಲ. ಕೈ ಗುಣವಾಗಿ ಊರಿಗೆ ಹೋದ ಮೇಲೆ, ಒಂದು ದಿನ ಚಿಪ್ಪಗಿರಿಯ ಆಟೊದವನು ಹೊಸ ಖಾರದ ಡಬ್ಬಿ ಹಿಡಿದು ನೇರ ನನ್ನ ಕಚೇರಿಗೇ ಬಂದ. "ಅಳಿಯಂದ್ರ ಕೈಯಾಗೇ ಕೊಡಬೇಕಂತ ಹೇಳ್ಯಾರಿ ಸಾರ್" ಎಂದ. ನಾನು ಎದೆಯುಬ್ಬಿಸಿ, ಇನ್ನೊಮ್ಮೆ ಗಟ್ಟಿಯಾಗಿ ಹೇಳು ಎಂದೆ, ಸಹೋದ್ಯೋಗಿಗಳಿಗೂ ಕೇಳಲಿ ಎಂದು. ಅವನು ಗಟ್ಟಿಯಾಗಿಯೇ ಹೇಳಿದ:

"ಅಳಿಯಂದ್ರ ಕೈಯಾಗೇ ಕೊಡಬೇಕಂತ್ರಿ. ಮುಚ್ಚಳ ಮಾತ್ರ ಮೇಡಂ ಸಾಲಿಯಿಂದ ಮನಿಗಿ ಬಂದ ಮ್ಯಾಲೆ ತೆಗೀಬೇಕಂತ್ರಿ."